ಮರಿ ಮತ್ತೆ ಮತ್ತೆ ಮೂತ್ರ ಮಾಡುತ್ತಿದೆಯೇ? ಹೊಡೆಯುವ ಮೊದಲು ನೋಡಿ

ಮೇಲುಕೋಟೆ ಬೆಟ್ಟದ ಕೆಳಗಿನ ಒಂದು ಹಳ್ಳಿಯಿಂದ ವೃದ್ಧೆಯೊಬ್ಬರು ಮಂಡಿನೋವಿಗೆಂದು ನನ್ನ ಬಳಿ ಬರುತ್ತಾರೆ. ಕಳೆದ ಮಳೆಗಾಲದಲ್ಲಿ ಬಂದಾಗ ಔಷಧಿಯ ಪೊಟ್ಟಣವನ್ನು ಕೈಚೀಲಕ್ಕೆ ಹಾಕಿಕೊಂಡ ಮೇಲೂ ಅವರು ಎದ್ದು ಹೋಗಲಿಲ್ಲ. “ಹಕೀಂ ಸಾಬ್, ಒಂದು ಮಾತು ಕೇಳಲೇ? ನಗಬೇಡಿ” ಎಂದರು. ಮನೆಯಲ್ಲಿ ನಾಯಿಮರಿ ಇದೆ. ತೋಟದ ಕಾವಲಿಗೆಂದು ಮಗ ಕುರಿ ಕಾಯುವವರ ಬಳಿಯಿಂದ ತಂದದ್ದು. ನಾಲ್ಕು ತಿಂಗಳ ಹೆಣ್ಣುಮರಿ. ಮೂತ್ರಕ್ಕೆ ಹಿತ್ತಲಿಗೆ ಹೋಗುವುದನ್ನು ಅದು ಕಲಿತಿತ್ತು. ಈಗ ಒಂದು ವಾರದಿಂದ ಜಗಲಿಯಲ್ಲೇ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಮಾಡುತ್ತಿದೆ. ಅದೇ ಜಗಲಿಯಲ್ಲಿ ಅವರು ಅಸರ್ ನಮಾಝಿಗೆ ಮುಸಲ್ಲಾ ಹಾಸುವುದು. “ಸಂಜೆಯಿಂದ ನೀರು ಕೊಡುವುದನ್ನೇ ನಿಲ್ಲಿಸಿದ್ದೇವೆ. ಮೊಮ್ಮಗ ಎರಡೇಟು ಹಾಕಿದ. ಆದರೂ ಬುದ್ಧಿ ಬಂದಿಲ್ಲ. ಬಿಟ್ಟುಬಿಡಲೇ?” ಎಂದು ಕೇಳಿದರು.

ನಾನು ನಗಲಿಲ್ಲ. ಆದರೆ ಯೋಚನೆಯನ್ನೂ ಮಾಡಲಿಲ್ಲ. ಹೊರಗೆ ಇನ್ನೂ ಆರೇಳು ಜನ ಕುಳಿತಿದ್ದರು. “ಮರಿ ಅಲ್ಲವೇ ಖಾಲಾ, ಕಲಿಯುತ್ತದೆ ಬಿಡಿ” ಎಂದು ಕಳಿಸಿಬಿಟ್ಟೆ.

ಹತ್ತು ದಿನದ ನಂತರ ಆ ಮೊಮ್ಮಗ ಒಬ್ಬನೇ ಬಂದ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಸಿಮೆಂಟಿನ ನೆಲದ ಮೇಲೆ ಬೊಗಸೆಯಷ್ಟೂ ಇಲ್ಲದ ಮೂತ್ರ, ಅದರಲ್ಲಿ ರಕ್ತ. ಮರಿ ಊಟ ಬಿಟ್ಟು ಎರಡು ದಿನವಾಗಿತ್ತು. ಅಂದೇ ಪಶುವೈದ್ಯರ ಬಳಿಗೆ ಕಳಿಸಿದೆ. ಮೂತ್ರಕೋಶದಲ್ಲಿ ಸೋಂಕು, ಸೋಂಕಿನಿಂದಾಗಿ ಕಲ್ಲು ಕಟ್ಟಲು ಶುರುವಾಗಿತ್ತು. ಅಲ್ಲಾಹನ ಕೃಪೆಯಿಂದ ಮರಿ ಉಳಿಯಿತು. ಚಿಕಿತ್ಸೆ ಹಲವು ವಾರ ನಡೆಯಿತು. ಆ ಅಜ್ಜಿ ನನಗೆ ಮೊದಲ ದಿನವೇ ಹೇಳಿದ್ದ ಒಂದು ಮಾತು ಸಾಕಿತ್ತು: “ಕಲಿತಿತ್ತು, ಈಗ ಮರೆತಿದೆ.” ಕಲಿಯದ ಮರಿ ಬೇರೆ, ಕಲಿತದ್ದನ್ನು ಇದ್ದಕ್ಕಿದ್ದಂತೆ ಬಿಟ್ಟ ಮರಿ ಬೇರೆ. ಎರಡನೆಯದಕ್ಕೆ ಬುದ್ಧಿ ಕೆಟ್ಟಿರುವುದಿಲ್ಲ, ದೇಹ ಕೆಟ್ಟಿರುತ್ತದೆ. ನನ್ನ ತಪ್ಪನ್ನು ನೀವು ಮಾಡಬಾರದೆಂದು ಈ ತಿಂಗಳು ಇದನ್ನು ಬರೆಯುತ್ತಿದ್ದೇನೆ.

ಮುಸ್ಲಿಂ ಕುಟುಂಬಗಳ ಪತ್ರಿಕೆಯಲ್ಲಿ ನಾಯಿಮರಿಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಕಡೆ ಬಂದು ನೋಡಿ. ತೋಳಗಳ ರಕ್ಷಣೆಗೆಂದು 1974ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ ಕಾಡು ಮೇಲುಕೋಟೆಯ ಸುತ್ತ ಇದೆ. ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಅಡಗುವುದು ಈಗ ಹೊಸ ಸುದ್ದಿಯೇ ಅಲ್ಲ. ಕುರಿ ಸಾಕುವವರು, ಆಲೆಮನೆ ನಡೆಸುವವರು, ತೆಂಗಿನ ತೋಟದಲ್ಲಿ ಒಂಟಿ ಮನೆ ಮಾಡಿಕೊಂಡವರು ನಾಯಿ ಇಲ್ಲದೆ ಹೇಗೆ ಇರಬೇಕು? ಬೇಟೆ, ಕುರಿಮಂದೆ, ಬೇಸಾಯ ಇವುಗಳ ಅಗತ್ಯಕ್ಕೆ ನಾಯಿ ಸಾಕಲು ಹದೀಸ್‌ಗಳಲ್ಲಿ ಸ್ಪಷ್ಟವಾದ ಅನುಮತಿ ಇದೆ. ಸುಮ್ಮನೆ ಶೋಕಿಗೆ ಮನೆಯೊಳಗೆ ಸಾಕುವ ವಿಷಯ ಬೇರೆ. ಅದನ್ನು ಉಲಮಾಗಳನ್ನು ಕೇಳಿ. ಅಗತ್ಯಕ್ಕೆಂದು ತಂದ ಮೇಲೆ ಅದರ ಹಸಿವು, ಬಾಯಾರಿಕೆ, ಕಾಯಿಲೆ ನಮ್ಮ ಹೊಣೆ.

ಮಗುತನವೋ ಕಾಯಿಲೆಯೋ?

ಮೊದಲು ಸಹಜವಾದದ್ದನ್ನು ತಿಳಿದುಕೊಳ್ಳಿ. ಎರಡು ತಿಂಗಳ ಮರಿ ಹಗಲಿನಲ್ಲಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರ ಹಿಡಿದುಕೊಳ್ಳಲಾರದು. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ ಎಂಬುದು ಒಂದು ಸ್ಥೂಲ ಲೆಕ್ಕ, ಅದೂ ಹೆಚ್ಚೆಂದರೆ. ನಾಲ್ಕರಿಂದ ಆರು ತಿಂಗಳ ತನಕ ಪೂರ್ತಿ ಹಿಡಿತ ಬರುವುದಿಲ್ಲ. ನಿದ್ದೆಯಿಂದ ಎದ್ದ ಕೂಡಲೇ, ತಿಂದ ಸ್ವಲ್ಪ ಹೊತ್ತಿಗೆ, ಆಟ ಆಡಿದ ಮೇಲೆ ಮಾಡಿಯೇ ಮಾಡುತ್ತದೆ. ಆ ಹೊತ್ತಿಗೆ ಸರಿಯಾಗಿ ಹೊರಗೆ ಅದೇ ಒಂದು ಜಾಗಕ್ಕೆ ಕರೆದುಕೊಂಡು ಹೋಗಿ. ಮಾಡಿದ ಕೂಡಲೇ ಒಂದು ಚೂರು ರೊಟ್ಟಿಯನ್ನೋ ಬೇಯಿಸಿದ ಮಾಂಸವನ್ನೋ ಕೊಡಿ. ಕೆಲವೇ ವಾರಗಳಲ್ಲಿ ಕಲಿಯುತ್ತದೆ. ಮೂತಿಯನ್ನು ಮೂತ್ರಕ್ಕೆ ಒರೆಸುವ ಪದ್ಧತಿ ನಮ್ಮಲ್ಲಿದೆ. ಅದರಿಂದ ಮರಿ ಕಲಿಯುವುದು ಒಂದೇ: ನಿಮಗೆ ಕಾಣದಂತೆ ಮಂಚದ ಕೆಳಗೆ ಹೋಗಿ ಮಾಡುವುದು.

ಇನ್ನೊಂದು ಬಗೆ ಇದೆ. ಮನೆಯ ಯಜಮಾನರು ಬಂದ ಕೂಡಲೇ, ಯಾರಾದರೂ ಜೋರು ಮಾಡಿದರೆ, ಮರಿ ಬಾಲ ಮಡಚಿ, ಹೊಟ್ಟೆ ಮೇಲೆ ಮಾಡಿ ಮಲಗಿ ಒಂದಿಷ್ಟು ಮೂತ್ರ ಬಿಡುತ್ತದೆ. ಅದು ಕಾಯಿಲೆಯಲ್ಲ, ಹಟವೂ ಅಲ್ಲ. “ನೀನು ದೊಡ್ಡವನು, ನಾನು ಚಿಕ್ಕವನು” ಎಂದು ನಾಯಿಯ ಭಾಷೆಯಲ್ಲಿ ಹೇಳುವ ರೀತಿ. ಗದರಿದಷ್ಟೂ ಹೆಚ್ಚುತ್ತದೆ. ಬಂದವರು ಮರಿಯನ್ನು ಎರಡು ನಿಮಿಷ ನೋಡದೆ ಇದ್ದು, ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಮೆಲ್ಲಗೆ ಕರೆದರೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಬೆಳೆದಂತೆ ತಾನೇ ಹೋಗುತ್ತದೆ.

ಕಾಯಿಲೆಯ ಲಕ್ಷಣಗಳೇ ಬೇರೆ. ಹೊರಗೆ ಮಾಡಿ ಬಂದ ಐದು ನಿಮಿಷಕ್ಕೆ ಮತ್ತೆ ಕೂರುತ್ತದೆ. ಕೂತು ಮುಕ್ಕುತ್ತದೆ; ಬರುವುದು ನಾಲ್ಕು ಹನಿ. ಮಾಡುವಾಗ ಕುಂಯ್‌ಗುಡುತ್ತದೆ. ಮೂತ್ರದ ಜಾಗವನ್ನು ಬಿಡದೆ ನೆಕ್ಕುತ್ತಿರುತ್ತದೆ. ವಾಸನೆ ಎಂದಿನಂತಿರದೆ ಮೂಗಿಗೆ ಹೊಡೆಯುತ್ತದೆ. ಮೂತ್ರ ಕಲಕಿದ ಗಂಜಿಯಂತೆಯೋ ಕೆಂಪಾಗಿಯೋ ಇರುತ್ತದೆ. ಇವುಗಳಲ್ಲಿ ಒಂದು ಕಂಡರೂ ಮರಿಗೆ ಉರಿ ಇದೆ ಎಂದೇ ತಿಳಿಯಿರಿ. ಮೂತ್ರದ ಉರಿ ಅನುಭವಿಸಿದ ಯಾರೂ ಅದನ್ನು ಹೊಡೆಯಲಾರರು.

ಹೆಣ್ಣುಮರಿಗಳಲ್ಲಿ ಮೂತ್ರನಾಳ ಚಿಕ್ಕದು, ಆದ್ದರಿಂದ ಸೋಂಕು ಬೇಗ ಒಳಗೆ ಹೋಗುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲೂ ಇದೇ ಕಾರಣ. ಸೋಂಕು ತರುವ ಸೂಕ್ಷ್ಮಾಣು ಸಾಮಾನ್ಯವಾಗಿ ಕರುಳಿನಲ್ಲೇ ಇರುವ ಇ.ಕೋಲಿ. ಗಲೀಜು ಗೋಣಿಚೀಲದ ಮೇಲೆ, ತೇವದ ನೆಲದಲ್ಲಿ ಮಲಗುವ ಮರಿಗೆ ಅಪಾಯ ಹೆಚ್ಚು. ನೀರು ಕಡಿಮೆ ಕುಡಿದರೆ ಇನ್ನೂ ಹೆಚ್ಚು, ಏಕೆಂದರೆ ಮೂತ್ರಕೋಶವನ್ನು ತೊಳೆದು ಹೊರಹಾಕುವುದೇ ಮೂತ್ರ. ಆ ಅಜ್ಜಿಯ ಮನೆಯವರು ಸಂಜೆಯಿಂದ ನೀರು ನಿಲ್ಲಿಸಿದ್ದು ಇಲ್ಲೇ ಪೆಟ್ಟು ಕೊಟ್ಟಿತು. ಗಟ್ಟಿಯಾದ ಮೂತ್ರ, ಅದರಲ್ಲಿ ಸೋಂಕು. ನಾಯಿಗಳಲ್ಲಿ ಒಂದು ಬಗೆಯ ಕಲ್ಲು ಕಟ್ಟುವುದು ಹೀಗೆಯೇ. ‘ಬೋರ್‌ವೆಲ್ ನೀರಿನ ಗಡಸಿನಿಂದ ಕಲ್ಲು’ ಎಂದು ಎಲ್ಲರೂ ಹೇಳುತ್ತಾರೆ. ಮರಿಗಳ ಈ ಕಲ್ಲಿಗೆ ಮುಖ್ಯ ಕಾರಣ ನೀರಿನ ಗಡಸಲ್ಲ, ಸೋಂಕು.

ಹುಟ್ಟಿದಾಗಿನಿಂದ ಒಂದೇ ಸಮನೆ ಹನಿಹನಿ ಸೋರುವ ಮರಿಗಳೂ ಇವೆ. ಮಲಗಿದ ಜಾಗ ಒದ್ದೆ, ಹಿಂಗಾಲ ಒಳಗಿನ ಕೂದಲು ಯಾವಾಗಲೂ ಒದ್ದೆ. ಮಿಕ್ಕಂತೆ ಮರಿ ಚೂಟಿಯಾಗಿರುತ್ತದೆ, ಕೂತು ಸರಿಯಾಗಿ ಮೂತ್ರವನ್ನೂ ಮಾಡುತ್ತದೆ. ಹೀಗಿದ್ದರೆ, ಹೆಣ್ಣುಮರಿಯಾದರೆ ಅದರಲ್ಲೂ, ಕಿಡ್ನಿಯಿಂದ ಬರುವ ನಾಳ ಮೂತ್ರಕೋಶಕ್ಕೆ ಸೇರದೆ ಅದನ್ನು ದಾಟಿ ಕೆಳಗೆ ಸೇರಿರಬಹುದು. ಇದು ಹುಟ್ಟಿನ ದೋಷ. ಎಷ್ಟು ಕಲಿಸಿದರೂ ಪ್ರಯೋಜನವಿಲ್ಲ, ಶಸ್ತ್ರಚಿಕಿತ್ಸೆಯೇ ದಾರಿ. ಹೊಕ್ಕುಳಿನಿಂದಲೇ ಮೂತ್ರ ಜಿನುಗುವುದೂ ಅಪರೂಪಕ್ಕೆ ಉಂಟು. ಮೊದಲ ಬೆದೆಗೆ ಬರುವ ಮುಂಚೆ ಕೆಲವು ಹೆಣ್ಣುಮರಿಗಳಿಗೆ ಬಿಳಿ ಸ್ರಾವ ಕಾಣಿಸುತ್ತದೆ. ಅದು ಬಹುತೇಕ ತಾನೇ ಸರಿಹೋಗುವಂಥದ್ದು. ಸೋಂಕು ಅಲ್ಲವೆಂದು ವೈದ್ಯರು ಒಮ್ಮೆ ನೋಡಿ ಹೇಳಲಿ. ಡೆಟಾಲ್ ನೀರಿನಲ್ಲಿ ಮಾತ್ರ ತೊಳೆಯಬೇಡಿ.

ಬಣ್ಣ ನೋಡಿ

ನಮ್ಮ ಯುನಾನಿಯಲ್ಲಿ ಮೂತ್ರ ಪರೀಕ್ಷೆಗೆ ಕಾರೂರ ಎನ್ನುತ್ತಾರೆ. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಮೂತ್ರದ ಬಣ್ಣ, ತಿಳಿ, ದಪ್ಪ, ವಾಸನೆ, ನೊರೆ, ತಳದಲ್ಲಿ ನಿಲ್ಲುವ ಗಸಿ, ಪ್ರಮಾಣ ಇವನ್ನೆಲ್ಲ ಬೇರೆ ಬೇರೆಯಾಗಿ ನೋಡಲು ಕಲಿಸಿದ್ದಾರೆ. ಬೆಳಗಿನ ಮೂತ್ರ ಬೇಕು, ಏನೂ ತಿನ್ನುವ ಕುಡಿಯುವ ಮೊದಲಿನದ್ದು ಬೇಕು, ಕೇಸರಿಯಂಥ ಬಣ್ಣ ಬಿಡುವ ಪದಾರ್ಥ ತಿಂದಿರಬಾರದು ಎಂಬ ನಿಯಮಗಳೂ ಅಲ್ಲಿವೆ. ಅವರು ಬರೆದದ್ದು ಮನುಷ್ಯರ ಬಗ್ಗೆ. ಆದರೆ ಕಣ್ಣು ಬಿಟ್ಟು ನೋಡುವ ಅಭ್ಯಾಸ ಮರಿಯ ವಿಷಯದಲ್ಲೂ ಉಪಯೋಗಕ್ಕೆ ಬರುತ್ತದೆ.

ತಿಳಿ ಹಳದಿ ಇದ್ದರೆ ಸರಿ. ಗಾಢ ಹಳದಿ ಮತ್ತು ಪ್ರಮಾಣ ಕಡಿಮೆ ಇದ್ದರೆ ನೀರು ಸಾಲದು ಎಂದರ್ಥ. ಮೇಲುಕೋಟೆಯ ಬಂಡೆಗಳ ಬಿಸಿಲಿನಲ್ಲಿ ಇದು ಬೇಸಿಗೆಯ ಮಾತು. ಕೆಂಪು, ಅದರಲ್ಲೂ ಹನಿಹನಿಯಾಗಿ ಮುಕ್ಕುತ್ತ ಬರುವ ಕೆಂಪು, ಮೂತ್ರಕೋಶದ ಸೋಂಕನ್ನೋ ಕಲ್ಲನ್ನೋ ತೋರಿಸುತ್ತದೆ.

ಕಾಫಿ ಡಿಕಾಕ್ಷನ್ ಬಣ್ಣ ಬಂದರೆ ಕತೆಯೇ ಬೇರೆ. ಆಗ ತೊಂದರೆ ಮೂತ್ರಕೋಶದಲ್ಲಿಲ್ಲ, ರಕ್ತದಲ್ಲಿದೆ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ಉಣುಗು, ಅಂದರೆ ನಾಯಿಯ ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಕಚ್ಚಿ ಕೂರುವ, ಕೆಲವರು ಉಣ್ಣೆ ಎಂದು ಕರೆಯುವ ಹುಳ. ಅದು ತರುವ ಬೆಬೀಸಿಯಾ ಎಂಬ ಜ್ವರದಲ್ಲಿ ಕೆಂಪು ರಕ್ತಕಣಗಳು ಒಡೆದು, ಅವುಗಳ ಬಣ್ಣ ಮೂತ್ರದಲ್ಲಿ ಇಳಿಯುತ್ತದೆ. ಒಸಡು ಬಿಳಚಿಕೊಂಡಿರುತ್ತದೆ, ಮೈ ಸುಡುತ್ತಿರುತ್ತದೆ, ಮರಿ ಏಳಲಾರದೆ ಮಲಗಿರುತ್ತದೆ. ಕುರಿಮಂದೆಯ ಜೊತೆ ಓಡಾಡುವ ಮರಿಗಳಲ್ಲಿ ಇದನ್ನು ಮೊದಲು ನೆನಪಿಸಿಕೊಳ್ಳಿ. ಸರಿಯಾದ ಔಷಧಿ ಬೇಗ ಸಿಕ್ಕರೆ ಉಳಿಯುತ್ತದೆ. ನಾಳೆ ನೋಡೋಣ ಎಂದರೆ ಹೋಗುತ್ತದೆ.

ನೀರಿನಂತೆ ಬೆಳ್ಳಗಿನ ಮೂತ್ರ ಧಾರಾಳವಾಗಿ ಹೋಗುತ್ತಿದ್ದು, ಮರಿ ಬಟ್ಟಲು ಬಟ್ಟಲು ನೀರು ಕುಡಿಯುತ್ತಿದ್ದರೂ ಒಳ್ಳೆಯದೆಂದು ತಿಳಿಯಬೇಡಿ. ಒಂದು ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿಲೀಟರ್ ಮೀರಿ, ಅಂದರೆ 5 ಕಿಲೋದ ಮರಿ ಅರ್ಧ ಲೀಟರಿಗಿಂತ ಹೆಚ್ಚು ದಿನಾಲೂ ಕುಡಿಯುತ್ತಿದ್ದರೆ, ಬಿಸಿಲಿನ ಕಾರಣವಲ್ಲದಿದ್ದರೆ, ಕಿಡ್ನಿಯನ್ನು ಪರೀಕ್ಷಿಸಬೇಕು. ಅಳತೆ ಕಷ್ಟವಲ್ಲ. ಬೆಳಿಗ್ಗೆ ಒಂದು ಲೀಟರ್ ಬಾಟಲಿ ತುಂಬಿ, ಅದರಿಂದಲೇ ಬಟ್ಟಲಿಗೆ ಸುರಿಯುತ್ತ ಹೋಗಿ. ಮರುದಿನ ಬೆಳಿಗ್ಗೆ ಉಳಿದದ್ದನ್ನು ನೋಡಿ.

ಮೂತ್ರ ಕಟ್ಟಿದರೆ ಕಾಯಬೇಡಿ

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಡುವುದಾದರೆ ಇದನ್ನು ನೆನಪಿಡಿ. ಮರಿ ಕೂರುತ್ತದೆ, ಮುಕ್ಕುತ್ತದೆ, ಒಂದು ಹನಿಯೂ ಬರುವುದಿಲ್ಲ. ಅಥವಾ ಹನಿ ರಕ್ತ ಮಾತ್ರ ಬರುತ್ತದೆ. ಹೊಟ್ಟೆಯ ಕೆಳಭಾಗ ಬಿಗಿದಿರುತ್ತದೆ, ಮುಟ್ಟಿದರೆ ಕಚ್ಚಲು ಬರುತ್ತದೆ. ಆಮೇಲೆ ವಾಂತಿ, ಆಮೇಲೆ ಸುಸ್ತು. ಗಂಡುಮರಿಗಳಲ್ಲಿ ಇದು ಹೆಚ್ಚು. ಗಂಡುನಾಯಿಯ ಶಿಶ್ನದಲ್ಲಿ ಒಂದು ಎಲುಬಿದೆ, ಮೂತ್ರದ ದಾರಿ ಅಲ್ಲಿ ಕಿರಿದಾಗುವುದರಿಂದ ಸಣ್ಣ ಕಲ್ಲು ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಕಟ್ಟಿಹೋದ ಮರಿ ಎರಡು ಮೂರು ದಿನದಲ್ಲಿ ಸಾಯಬಹುದು. ರಾತ್ರಿ ಕಂಡರೆ ಬೆಳಗಾಗುವ ತನಕ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ.

ಹಳ್ಳಿಗಳಲ್ಲಿ ಇದನ್ನು ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸುತ್ತಾರೆ. ಎರಡರಲ್ಲೂ ಮರಿ ಬೆನ್ನು ಬಾಗಿಸಿ ಮುಕ್ಕುವುದರಿಂದ ನೋಡಲು ಒಂದೇ ಥರ. ಆ ದಿನ ಮೂತ್ರ ಹೋಗಿದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಹೊಟ್ಟೆ ಒತ್ತಿ ಮೂತ್ರ ಹೊರಡಿಸಲು ಹೋಗಬೇಡಿ, ತುಂಬಿದ ಮೂತ್ರಕೋಶ ಒಡೆದೀತು.

ಇಲ್ಲಿ ನನ್ನ ಕಪಾಟಿನ ಔಷಧಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಯುನಾನಿಯಲ್ಲಿ ಮೂತ್ರ ಸಲೀಸಾಗಿ ಹೋಗಲು ಒಳ್ಳೆಯ ಔಷಧಿಗಳಿವೆ. ನೆಗ್ಗಿಲು ಮುಳ್ಳು, ಸೌತೆ ಮತ್ತು ಖರ್ಬೂಜದ ಬೀಜ, ಶರ್ಬತ್ ಬಝೂರಿ, ಕಲ್ಲಿಗೆ ಹಜ್ರುಲ್ ಯಹೂದ್. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇವುಗಳಲ್ಲಿ ಒಂದಾದರೂ ಇರುತ್ತದೆ. ಮರಿಗೆ ಇವನ್ನು ಹಾಕಬೇಡಿ. ದಾರಿ ಮುಚ್ಚಿರುವಾಗ ಮೂತ್ರ ಹೆಚ್ಚಿಸುವ ಔಷಧಿ ಕೊಡುವುದೆಂದರೆ ಕಟ್ಟಿಕೊಂಡ ಪೈಪಿಗೆ ಇನ್ನೊಂದು ನಲ್ಲಿ ತಿರುಗಿಸಿದಂತೆ. ದಾರಿ ತೆರೆದಿದ್ದರೂ ಮನುಷ್ಯನ ಅಳತೆ ಮೂರು ಕಿಲೋದ ಪ್ರಾಣಿಗೆ ಹೊಂದುವುದಿಲ್ಲ. ಇನ್ನು ಮೆಡಿಕಲ್ ಶಾಪಿನ ನೋವಿನ ಮಾತ್ರೆಗಳು, ಅಂದರೆ ಪ್ಯಾರಸಿಟಮಾಲ್, ಬ್ರೂಫೆನ್, ಡೈಕ್ಲೋಫೆನಾಕ್, ಇವು ನಾಯಿಯ ಯಕೃತ್ತು, ಹೊಟ್ಟೆ, ಕಿಡ್ನಿಗಳಿಗೆ ನೇರ ಹಾನಿ ಮಾಡುತ್ತವೆ. ಮಗುವಿಗೆ ಬರೆದುಕೊಟ್ಟು ಮಿಕ್ಕ ಆಂಟಿಬಯಾಟಿಕ್ ಸಿರಪ್ಪಂತೂ ಬೇಡವೇ ಬೇಡ. ಎರಡು ದಿನ ಲಕ್ಷಣ ಅಡಗುತ್ತದೆ, ಸೂಕ್ಷ್ಮಾಣು ಗಟ್ಟಿಯಾಗುತ್ತದೆ, ಆಮೇಲೆ ಪಶುವೈದ್ಯರ ಔಷಧಿಗೂ ಬಗ್ಗುವುದಿಲ್ಲ.

ಅರಬಿಯಲ್ಲಿ ಪಶುವೈದ್ಯನಿಗೆ ಬೈತಾರ್ ಎನ್ನುತ್ತಾರೆ. ಗಿಡಮೂಲಿಕೆಗಳ ಬಗ್ಗೆ ಅಷ್ಟು ದೊಡ್ಡ ಗ್ರಂಥ ಬರೆದ, 1248ರಲ್ಲಿ ಡಮಾಸ್ಕಸ್‌ನಲ್ಲಿ ತೀರಿಕೊಂಡ ಇಬ್ನ್ ಅಲ್ ಬೈತಾರ್ ಅವರ ಹೆಸರಿನ ಅರ್ಥವೇ ‘ಪಶುವೈದ್ಯನ ಮಗ’. ಅಂದರೆ ಹಕೀಮನ ಕೆಲಸ ಬೇರೆ, ಬೈತಾರನ ಕೆಲಸ ಬೇರೆ ಎಂಬುದು ಆ ಕಾಲಕ್ಕೇ ಗೊತ್ತಿತ್ತು. ಇಂದು ಅದು ಕಾನೂನು ಕೂಡ: 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯಿದೆಯ ಪ್ರಕಾರ ಪ್ರಾಣಿಗೆ ಚಿಕಿತ್ಸೆ ಮಾಡಬೇಕಾದವರು ನೋಂದಾಯಿತ ಪಶುವೈದ್ಯರು. ಹಾಗಾಗಿ ಮರಿಯನ್ನು ನನ್ನ ಬಳಿ ತರಬೇಡಿ, ನಾನು ಅಲ್ಲಿಗೇ ಕಳಿಸುತ್ತೇನೆ. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸೆಯ ವಾಹನದ ನೆರವು ಕೇಳಬಹುದು. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಹಾಸನದ ಅಥವಾ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಬರೆದುಕೊಡುತ್ತಾರೆ.

ಹೋಗುವಾಗ ಮೂತ್ರ ಒಯ್ದರೆ ವೈದ್ಯರಿಗೆ ಅರ್ಧ ಕೆಲಸ ಕಡಿಮೆ. ಬೆಳಿಗ್ಗೆ ಮರಿ ಕೂತ ಮೇಲೆ, ಮೊದಲ ಹನಿಗಳನ್ನು ಬಿಟ್ಟು, ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟವನ್ನು ಕೋಲಿಗೆ ಕಟ್ಟಿ ಹಿಂದಿನಿಂದ ಒಡ್ಡಿ. ಅಡುಗೆಮನೆಯ ಸೌಟು ತರಬೇಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಶುದ್ಧ ಡಬ್ಬಿಗೆ ಹಾಕಿ ಒಂದು ಗಂಟೆಯೊಳಗೆ ತಲುಪಿಸಿ. ಆಂಟಿಬಯಾಟಿಕ್ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಕೊಡಿ. ಮರಿ ಮೂರನೇ ದಿನಕ್ಕೆ ಕುಣಿದಾಡಿದರೂ ನಿಲ್ಲಿಸಬೇಡಿ.

ಅಡುಗೆಮನೆಯಿಂದ ಬರುವ ಅಪಾಯ

ಇದು ನಮ್ಮ ಮನೆಗಳಿಗೇ ವಿಶೇಷವಾದದ್ದು, ಆದ್ದರಿಂದ ಹೇಳುತ್ತೇನೆ. ಈದ್ ದಿನ ಶೀರ್ ಖುರ್ಮಾ, ಜರ್ದಾ ಮಿಕ್ಕರೆ ಬಟ್ಟಲು ನಾಯಿಯ ಮುಂದೆ ಹೋಗುತ್ತದೆ. ಒಣದ್ರಾಕ್ಷಿ, ಮುನಕ್ಕಾ, ಹಸಿ ದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ನಮಗೆ ಮುನಕ್ಕಾ ಔಷಧಿ. ನಾಯಿಗೆ ಕೆಲವೇ ಕಾಳು ತಿಂದರೂ ವಾಂತಿಯಾಗಿ, ಒಂದೆರಡು ದಿನದಲ್ಲಿ ಮೂತ್ರವೇ ನಿಂತುಹೋಗಬಹುದು. ಎಲ್ಲ ನಾಯಿಗೂ ಹೀಗಾಗುವುದಿಲ್ಲ, ಯಾವುದಕ್ಕೆ ಆಗುತ್ತದೆಂದು ಮೊದಲೇ ತಿಳಿಯುವುದೂ ಇಲ್ಲ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವೆಂದು ಪಶುವೈದ್ಯರು ಈಗ ಶಂಕಿಸುತ್ತಾರೆ. ಹುಣಸೆಹಣ್ಣಿನ ಹುಳಿಯೂ ಅದೇ. ಮೇಲುಕೋಟೆಯ ಪುಳಿಯೋಗರೆ ನಮಗೆಲ್ಲ ಇಷ್ಟ, ಮರಿಗೆ ಬೇಡ.

ಈರುಳ್ಳಿ, ಬೆಳ್ಳುಳ್ಳಿಯೂ ಹಾಗೆಯೇ. ಬಿರಿಯಾನಿಯ, ಸಾಲನ್‌ನ ತಳದಲ್ಲಿ ಉಳಿಯುವುದು ಮುಕ್ಕಾಲು ಪಾಲು ಬೆಂದ ಈರುಳ್ಳಿ ತಾನೆ? ಬೇಯಿಸಿದರೂ ಅದರ ದೋಷ ಹೋಗುವುದಿಲ್ಲ. ಅದು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಮಸಾಲೆ ಹಾಕುವ ಮೊದಲೇ ಒಂದು ಹಿಡಿ ಮಾಂಸ, ಅನ್ನ ತೆಗೆದಿಟ್ಟರೆ ಮುಗಿಯಿತು.

ಮನೆಯವರಿಗೆ ಅಂಟುವುದೇ?

ಆ ಅಜ್ಜಿಯ ವಿಷಯದಲ್ಲಿ ನನಗೆ ನಿಜವಾಗಿ ಭಯವಾದದ್ದು ಇಲ್ಲಿ. ಅವರ ಹಿಮ್ಮಡಿ ಒಡೆದು ಸೀಳಿತ್ತು, ನಾನೇ ಅದಕ್ಕೆ ಮುಲಾಮು ಕೊಟ್ಟಿದ್ದೆ. ಅವರು ದಿನಕ್ಕೆ ನಾಲ್ಕು ಸಲ ಬರಿಗಾಲಲ್ಲಿ ನಿಂತು ಜಗಲಿ ತೊಳೆಯುತ್ತಿದ್ದರು.

ಸಾಮಾನ್ಯ ಮೂತ್ರದ ಸೋಂಕು ನಾಯಿಯಿಂದ ನಮಗೆ ಸುಲಭಕ್ಕೆ ಬರುವುದಲ್ಲ. ಆದರೆ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಮೂತ್ರದಿಂದಲೇ ಹರಡುತ್ತದೆ. ಇಲಿಯ ಮೂತ್ರ ಮುಖ್ಯ. ನಾಯಿ, ದನಗಳ ಮೂತ್ರದಲ್ಲೂ ಬರುತ್ತದೆ. ನಾಲೆ ನೀರಿನ ಭತ್ತದ ಗದ್ದೆ, ಕಬ್ಬಿನ ಗದ್ದೆ ಇರುವಲ್ಲಿ ಇಲಿ ಇದ್ದೇ ಇರುತ್ತದೆ. ಮರಿ ಅಲ್ಲಿನ ಕೊಚ್ಚೆ ನೀರು ಕುಡಿದು ರೋಗ ತರುತ್ತದೆ. ಅದರ ಮೂತ್ರ ನಮ್ಮ ಒಡೆದ ಹಿಮ್ಮಡಿಯಿಂದಲೋ, ಕೈಯ ಗಾಯದಿಂದಲೋ, ಕಣ್ಣಿಗೆ ಸಿಡಿದೋ ಒಳಗೆ ಹೋಗಬಹುದು. ಸಾಮಾನ್ಯವಾಗಿ 5ರಿಂದ 14 ದಿನದೊಳಗೆ ಜ್ವರ, ತಲೆನೋವು, ಕಣ್ಣು ಕೆಂಪು, ಮೀನಖಂಡದಲ್ಲಿ ಹಿಂಡಿದಂಥ ನೋವು ಬರುತ್ತದೆ. ಕೆಲವರಿಗೆ ಕಾಮಾಲೆಯಾಗಿ ಕಿಡ್ನಿಗೂ ತಗಲುತ್ತದೆ. ಮಳೆಗಾಲದಲ್ಲಿ ಡೆಂಗಿ ಎಂದು ತಪ್ಪು ತಿಳಿಯುವುದು ಸುಲಭ. ವೈದ್ಯರ ಬಳಿ ಹೋದಾಗ “ಮನೆಯಲ್ಲಿ ನಾಯಿ ಇದೆ, ಗದ್ದೆಗೆ ಇಳಿಯುತ್ತೇನೆ” ಎಂದು ನೀವಾಗಿ ಹೇಳಿ, ಅವರು ಕೇಳದಿದ್ದರೂ. ಬೇಗ ಗುರುತಿಸಿದರೆ ಇದಕ್ಕೆ ಒಳ್ಳೆಯ ಔಷಧಿ ಇದೆ.

ಮರಿಗೆ ಇದರ ವಿರುದ್ಧ ಲಸಿಕೆ ಇದೆ. ಎರಡು ತಿಂಗಳು ತುಂಬಿದ ಮೇಲೆ ಮೊದಲನೆಯದು, 3ರಿಂದ 4 ವಾರದ ಅಂತರದಲ್ಲಿ ಎರಡನೆಯದು, ಆಮೇಲೆ ವರ್ಷಕ್ಕೊಮ್ಮೆ. ಹಾಕಿಸುವಾಗ ಇಲಿಜ್ವರದ್ದು ಸೇರಿದೆಯೇ ಎಂದು ಕೇಳಿ, ಎಲ್ಲ ಲಸಿಕೆಯಲ್ಲೂ ಇರುವುದಿಲ್ಲ. ಮೂರು ತಿಂಗಳಿಗೆ ರೇಬಿಸ್ ಲಸಿಕೆಯನ್ನು ಮರೆಯಬಾರದು ಎಂದು ಬೇರೆ ಹೇಳಬೇಕಿಲ್ಲ.

ನೆಲ, ಬಟ್ಟೆ, ನಮಾಝ್

ಸ್ವಚ್ಛ ಮಾಡುವಾಗ ಚಪ್ಪಲಿ, ಕೈಗವಸು ಇರಲಿ. ಮೊದಲು ಹಳೆಯ ಕಾಗದದಿಂದ ಮೂತ್ರವನ್ನು ಹೀರಿ ತೆಗೆಯಿರಿ. ಆಮೇಲೆ ಸೋಪಿನ ನೀರು ಹಾಕಿ ಉಜ್ಜಿ, ಧಾರಾಳ ನೀರು ಸುರಿಯಿರಿ. ಬ್ಲೀಚಿಂಗ್ ನೀರು ಹಾಕುವುದಾದರೆ ಇಷ್ಟೆಲ್ಲ ಆದ ಮೇಲೆ. ಮೂತ್ರದ ಮೇಲೆಯೇ ಬ್ಲೀಚ್ ಸುರಿದರೆ, ಇಲ್ಲವೇ ಶೌಚಾಲಯಕ್ಕೆ ಹಾಕುವ ಆಸಿಡ್ ಜೊತೆ ಬೆರೆಸಿದರೆ, ಉಸಿರು ಕಟ್ಟಿಸುವ ವಿಷಗಾಳಿ ಏಳುತ್ತದೆ. ಕೊನೆಗೆ ಬಿಸಿಲು ಬೀಳಲಿ. ಇಲಿಜ್ವರದ ಸೂಕ್ಷ್ಮಾಣು ಒಣ ನೆಲದಲ್ಲಿ ಬದುಕುವುದಿಲ್ಲ, ತೇವದಲ್ಲಿ ವಾರಗಟ್ಟಲೆ ಬದುಕುತ್ತದೆ. ವಾಸನೆ ಪೂರ್ತಿ ಹೋಗುವಂತೆ ತೊಳೆಯಬೇಕು, ಉಳಿದರೆ ಮರಿ ಮತ್ತೆ ಅದೇ ಜಾಗ ಹುಡುಕಿಕೊಂಡು ಬರುತ್ತದೆ.

ಶುದ್ಧಿಯ ಮಸ್‌ಅಲಾಗಳನ್ನು ನಾನು ಹೇಳುವುದಕ್ಕಿಂತ ನಿಮ್ಮ ಇಮಾಮರನ್ನು ಕೇಳುವುದು ಒಳ್ಳೆಯದು. ಆದರೆ ಬರುವವರೆಲ್ಲ ಕೇಳುವುದರಿಂದ ಸ್ವಲ್ಪ ಹೇಳುತ್ತೇನೆ. ನಾಯಿಯ ಮೂತ್ರ ನಜಸ್ ಎಂಬುದರಲ್ಲಿ ನಮ್ಮ ಕಡೆಯ ಹನಫಿಗಳಿಗೂ ಕರಾವಳಿಯ ಶಾಫಿಗಳಿಗೂ ಭೇದವಿಲ್ಲ. ಹನಫಿ ಮದ್‌ಹಬಿನಲ್ಲಿ ಬಟ್ಟೆಯನ್ನು ಮೂರು ಸಲ ತೊಳೆದು ಪ್ರತಿ ಸಲವೂ ಹಿಂಡಿದರೆ ಶುದ್ಧ; ನೆಲ ಒಣಗಿ ಗುರುತು, ವಾಸನೆ ಹೋದರೆ ಅದರ ಮೇಲೆ ನಮಾಝ್ ಮಾಡಬಹುದು. ಶಾಫಿ ಮದ್‌ಹಬಿನಲ್ಲಿ ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ ತೊಳೆಯಬೇಕು. ಮೈಗೆ ತಾಗಿದರೆ ತಾಗಿದಷ್ಟು ಜಾಗವನ್ನು ತೊಳೆಯಬೇಕೇ ಹೊರತು ಇಡೀ ಸ್ನಾನ ಬೇಕಿಲ್ಲ, ವುಝೂ ಕೂಡ ಅದರಿಂದ ಮುರಿಯುವುದಿಲ್ಲ. ಚಳಿಗಾಲದಲ್ಲಿ ಇದಕ್ಕಾಗಿ ಮೂರು ಹೊತ್ತು ತಣ್ಣೀರು ಸ್ನಾನ ಮಾಡಿ ನೆಗಡಿ ತರಿಸಿಕೊಂಡ ತಾಯಂದಿರನ್ನು ನೋಡಿದ್ದೇನೆ. ಪ್ರವಾದಿ(ಸ)ರ ಮನೆಯಲ್ಲಿ ಒಮ್ಮೆ ನಾಯಿಮರಿ ಒಳಗೆ ಸೇರಿಕೊಂಡಾಗ ಅದನ್ನು ಹೊರಗೆ ಕಳಿಸಿ, ಅದಿದ್ದ ಜಾಗಕ್ಕೆ ನೀರು ಚಿಮುಕಿಸಿದರು ಎಂದು ಹಝ್ರತ್ ಮೈಮೂನಾ(ರ) ಹೇಳಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಎಂದಮೇಲೆ ಜಗಳದ ಮೂಲ ಮರಿಯಲ್ಲ, ಮರಿಯ ಜಾಗ. ಕಾವಲು ನಾಯಿಗೆ ಜಗಲಿಯೇಕೆ? ಹಿತ್ತಲಲ್ಲಿ ಮಳೆ ತಾಗದ ಒಂದು ಮಾಡು, ನೆಲದಿಂದ ಒಂದಡಿ ಎತ್ತರದ ಹಲಗೆ, ವಾರಕ್ಕೆ ಎರಡು ಸಲ ಬಿಸಿಲಿಗೆ ಹಾಕುವ ಗೋಣಿಚೀಲ, ಮೂತ್ರಕ್ಕೆ ಪಕ್ಕದಲ್ಲೇ ಒಂದು ಮರಳಿನ ಮೂಲೆ. ಚಿರತೆ ಇರುವ ಕಡೆ ಮಾಡಿಗೆ ಗಟ್ಟಿ ಬಾಗಿಲು ಬೇಕು, ರಾತ್ರಿ ಮರಿಯನ್ನು ಸರಪಳಿಯಲ್ಲಿ ಬಯಲಿಗೆ ಕಟ್ಟಬಾರದು. ನೀರಿನ ಬಟ್ಟಲು ಹಗಲಿನಲ್ಲಿ ಎಂದೂ ಬರಿದಾಗಬಾರದು. ರಾತ್ರಿ ಮಲಗುವ ಮುಂಚೆ ಒಮ್ಮೆ ಹೊರಗೆ ಬಿಡಿ. ಎರಡು ಮೂರು ತಿಂಗಳ ಮರಿಯಾದರೆ ನಡುರಾತ್ರಿಯೂ ಒಮ್ಮೆ ಬಿಡಬೇಕಾಗುತ್ತದೆ. ತಹಜ್ಜುದಿಗೆ ಏಳುವವರಿಗೆ ಇದು ಕಷ್ಟವಾಗದು.

ಕಳೆದ ತಿಂಗಳು ಖಾಲಾ ಮತ್ತೆ ಮಂಡಿನೋವಿನ ಔಷಧಿಗೆ ಬಂದಿದ್ದರು. ಹಿಮ್ಮಡಿ ವಾಸಿಯಾಗಿದೆ. ಮಗ ಹಿತ್ತಲಲ್ಲಿ ಮಾಡು ಕಟ್ಟಿದ್ದಾನೆ. ಮೊಮ್ಮಗ ಬಟ್ಟಲಿಗೆ ಬಣ್ಣದಲ್ಲಿ ಗೆರೆ ಹಾಕಿ, ದಿನಾ ಸಂಜೆ ನೀರು ಎಷ್ಟು ಇಳಿದಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನಂತೆ. ಎದ್ದು ಹೊರಡುವಾಗ ಬಾಗಿಲ ಬಳಿ ನಿಂತು ಕೇಳಿದರು: “ಹಕೀಂ ಸಾಬ್, ಖರ್ಜೂರ ಕೊಡಬಹುದಾ ಅದಕ್ಕೆ?” ಬೀಜ ತೆಗೆದು ಒಂದು ಚೂರು ಕೊಡಬಹುದು, ಅಭ್ಯಾಸ ಮಾಡಿಸಬೇಡಿ ಎಂದೆ.